ಖಾಲಿ ಮಾಡಿದ ಟ್ಯಾಂಕ್ ತುಂಬಿದೆ ಅಂತ ತೋರಿಸಿದರೆ

ಪ್ರಶ್ನೆ: ಸರ್, ನಾವು ಪುಣೆಯ ಕೊಥ್ರೂಡ್‌ನಲ್ಲಿದ್ದೇವೆ. ಹೋದ ವರ್ಷ ಒಂದು ಹಳೆಯ ಮೋಟರ್‌ಹೋಮ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ಗಾಡಿ, ತಗೊಂಡೆವು. ರಜೆ ಸಿಕ್ಕಾಗ ಬೆಳಗಾವಿಗೆ, ಅಲ್ಲಿಂದ ದಾಂಡೇಲಿಗೆ ಹೋಗಿ ಬರುತ್ತೇವೆ. ಟಾಯ್ಲೆಟ್ ಟ್ಯಾಂಕ್ ಪೂರ್ತಿ ಖಾಲಿ ಮಾಡಿದ ಮೇಲೂ ಎಷ್ಟು ತುಂಬಿದೆ ಅಂತ ತೋರಿಸುವ ಪ್ಯಾನೆಲ್‌ನಲ್ಲಿ ಮೂರರಲ್ಲಿ ಎರಡು ಲೈಟ್ ಉರಿಯುತ್ತಲೇ ಇರುತ್ತವೆ. ಯಾವಾಗ ತುಂಬುತ್ತೆ ಅನ್ನೋದೇ ಗೊತ್ತಾಗೋದಿಲ್ಲ. ಅತ್ತೆಯವರು ಹೆದರಿ ಪ್ರಯಾಣದಲ್ಲಿ ನೀರು ಕುಡಿಯೋದನ್ನೇ ಬಿಟ್ಟಿದ್ದಾರೆ. ಗ್ಯಾರೇಜಿನವರು ಟ್ಯಾಂಕೇ ಬದಲಿಸಬೇಕು ಅಂತಾರೆ. ನಾನೇ ಸರಿ ಮಾಡಿಕೊಳ್ಳಬಹುದಾ? ಸ್ವಲ್ಪ ಸೋಲ್ಡರಿಂಗ್ ಬರುತ್ತೆ.

ಉತ್ತರ: ಟ್ಯಾಂಕ್ ಬದಲಿಸಬೇಡಿ. ನಿಮ್ಮ ಟ್ಯಾಂಕ್ ಚೆನ್ನಾಗಿದೆ. ಸೆನ್ಸರ್ ಕೂಡ ಬಹುಶಃ ಕೆಟ್ಟಿಲ್ಲ, ಅದಕ್ಕೆ ಕೊಳೆ ಹಿಡಿದಿದೆ ಅಷ್ಟೇ. ಮೊದಲು ಅತ್ತೆಯವರಿಗೆ ನೀರು ಕುಡಿಯೋಕೆ ಹೇಳಿ, ಬೇಸಿಗೆಯಲ್ಲಿ ಪುಣೆಯಿಂದ ಬೆಳಗಾವಿ ತನಕ 340 ಕಿಲೋಮೀಟರ್ ನೀರಿಲ್ಲದೆ ಕೂರೋದು ವಯಸ್ಸಾದವರಿಗೆ ಒಳ್ಳೆಯದಲ್ಲ.

ಇದು ಆಗೋದು ಹೀಗೆ. ಹಳೆಯ ಗಾಡಿಗಳಲ್ಲಿ ಟ್ಯಾಂಕಿನ ಗೋಡೆಗೆ ತೂತು ಹೊಡೆದು ಬೋಲ್ಟಿನಂಥ ಲೋಹದ ಪ್ರೋಬ್ ಕೂರಿಸಿರುತ್ತಾರೆ. ಮೊದಲನೆಯದು ಟ್ಯಾಂಕಿನ ಮೂರನೇ ಒಂದು ಭಾಗದ ಎತ್ತರದಲ್ಲಿ, ಇನ್ನೊಂದು ಮೂರನೇ ಎರಡು ಭಾಗದ ಎತ್ತರದಲ್ಲಿ, ಮತ್ತೊಂದು ಮೇಲೆ. ಒಳಗಿನ ನೀರು ಅಲ್ಲಿಯ ತನಕ ಏರಿದರೆ ನೀರಿನ ಮೂಲಕ ಸ್ವಲ್ಪ ಕರೆಂಟ್ ಹರಿಯುತ್ತೆ, ಲೈಟ್ ಹತ್ತುತ್ತೆ. ಹೊಸದರಲ್ಲಿ ಸರಿಯಾಗಿಯೇ ಇರುತ್ತೆ. ಆಮೇಲೆ ಒಳಗೋಡೆಯ ಮೇಲೆ ಒದ್ದೆ ಕೊಳೆಯ ಪದರ ಕೂತುಕೊಳ್ಳುತ್ತೆ. ನೀರು ಹೋದರೂ ಆ ಪದರದಲ್ಲೇ ಕರೆಂಟ್ ಹರಿಯುತ್ತೆ. ನಾನು ನನ್ನ ಗಾಡಿಯ ಸಿಂಕ್ ನೀರಿನ ಟ್ಯಾಂಕಿನಿಂದ ಒಂದು ಪ್ರೋಬ್ ಬಿಚ್ಚಿ ಕೈಯಲ್ಲಿ ಹಿಡಿದು ನೋಡಿದೆ. ತಲೆಯ ಸುತ್ತ ಬೂದು ಬಣ್ಣದ ಜಿಡ್ಡು, ಒತ್ತಿದರೆ ಹಸಿ ಸೋಪಿನ ಹಾಗೆ ಮೆತ್ತಗೆ, ಮೂಸಿದರೆ ಹಳೆಯ ಒಗ್ಗರಣೆ ಎಣ್ಣೆಯ ವಾಸನೆ. ಅದನ್ನು ಒರೆಸಿ ಹಾಕಿದ ದಿನ ಪ್ಯಾನೆಲ್ ಸರಿ ತೋರಿಸಿತು, ಮೂರು ವಾರಕ್ಕೆ ಮತ್ತೆ ಅದೇ ಕತೆ.

ಹಾಗಾಗಿ ಅದೇ ಜಾಗಕ್ಕೆ ಹೊಸ ಪ್ರೋಬ್ ಹಾಕೋದರಲ್ಲಿ ಅರ್ಥವಿಲ್ಲ. ಕೊಳೆ ನೀರಿನೊಳಗೆ ಏನನ್ನೂ ಇಡದೆ ಹೊರಗಿನಿಂದಲೇ ಅಳೆಯಬೇಕು. ನೀರು ಹತ್ತಿರ ಬಂದರೆ ಪ್ಲಾಸ್ಟಿಕ್ ಗೋಡೆಯ ಈಚೆಯಿಂದಲೇ ಗುರುತಿಸುವ ಕೆಪಾಸಿಟಿವ್ ಸೆನ್ಸರ್‌ಗಳು ಬಂದಿವೆ. ಟ್ಯಾಂಕಿಗೆ ಹೊಸ ತೂತು ಬೇಡ, ಸೋರುವ ಭಯವಿಲ್ಲ.

ಇದರಲ್ಲಿ ಎರಡು ದಾರಿ. ಒಂದು, ಕೆನಡಾದ ಗಾರ್ನೆಟ್ ಕಂಪನಿಯ ಸೀಲೆವೆಲ್ ಥರದ ರೆಡಿ ಕಿಟ್. ಉದ್ದನೆಯ ಪಟ್ಟಿಯನ್ನು ಟ್ಯಾಂಕಿನ ಎತ್ತರಕ್ಕೆ ತಕ್ಕಂತೆ ಕತ್ತರಿಸಿ ಹೊರಗೆ ಅಂಟಿಸಿದರೆ ಎಷ್ಟು ಶೇಕಡಾ ತುಂಬಿದೆ ಅಂತ ಅಂಕಿಯಲ್ಲೇ ತೋರಿಸುತ್ತೆ. ಕೆಲಸ ಚೊಕ್ಕ, ಆದರೆ ಹೊರದೇಶದಿಂದ ತರಿಸಬೇಕು, ದುಡ್ಡು ಜಾಸ್ತಿ. ಇನ್ನೊಂದು, ಎಕ್ಸ್‌ಕೆಸಿ-ವೈ25 ಅನ್ನುವ ನಾಣ್ಯದಷ್ಟಗಲದ ಸೆನ್ಸರ್. ಬುಧವಾರ ಪೇಠೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ವಿಚಾರಿಸಿ, ಇಲ್ಲವೇ ಮುಂಬೈಗೆ ಹೋದಾಗ ಲ್ಯಾಮಿಂಗ್ಟನ್ ರೋಡ್‌ನಲ್ಲಿ ನೋಡಿ. ಸೋಲ್ಡರಿಂಗ್ ಬರುತ್ತೆ ಅಂದಿರಲ್ಲ, ನಿಮಗೆ ನಾನು ಹೇಳೋದು ಇದನ್ನೇ. ಕೊಳ್ಳುವಾಗ ಒಂದು ಎಚ್ಚರ: ಗಾಡಿಯ 12 ವೋಲ್ಟ್ ಬ್ಯಾಟರಿ ಚಾರ್ಜ್ ಆಗುವಾಗ 14.4 ವೋಲ್ಟ್ ತನಕ ಏರುತ್ತೆ, ಅದಕ್ಕೇ 24 ವೋಲ್ಟ್‌ವರೆಗೆ ತಡೆಯುವ ಮಾಡೆಲ್ಲನ್ನೇ ಕೇಳಿ ತಗೊಳ್ಳಿ.

ನಾಲ್ಕು ಸೆನ್ಸರ್ ಸಾಕು. ಕಾಲು, ಅರ್ಧ, ಮುಕ್ಕಾಲು, ಮತ್ತು ಶೇಕಡಾ 90ರ ಎತ್ತರಕ್ಕೆ ಒಂದೊಂದು. ಕೊನೆಯದೇ ಬಹಳ ಮುಖ್ಯ. ಹಳೆಯ ಮೂರು ಲೈಟಿನ ಲೆಕ್ಕ ಪೇಪರ್ ಬಳಸುವವರಿಗೆ ನಡೆದೀತು, ನಾವು ನೀರು ಬಳಸುವವರು, ಜೆಟ್ ಒತ್ತಿದಾಗಲೆಲ್ಲ ಟ್ಯಾಂಕಿಗೆ ನೀರು ಹೋಗುತ್ತೆ. 60 ಲೀಟರ್ ಟ್ಯಾಂಕಿನಲ್ಲಿ ಎರಡನೇ ಲೈಟಿಗೂ ಮೂರನೆಯದಕ್ಕೂ ನಡುವೆ 20 ಲೀಟರ್ ಅಂತರ, ಅಲ್ಲಿ ನಾವು ಎಲ್ಲಿದ್ದೇವೆ ಅಂತ ಆ ಪ್ಯಾನೆಲ್ ಹೇಳೋದೇ ಇಲ್ಲ.

ಜಾಗ ಆರಿಸುವಾಗ ಅವಸರ ಬೇಡ. ನಾನು ಮೊದಲ ಸಲ ಕೈಗೆ ಸುಲಭವಾಗಿ ಸಿಕ್ಕ ಗೋಡೆಗೇ ಅಂಟಿಸಿದೆ, ಅದು ಟಾಯ್ಲೆಟ್ ಪೈಪ್ ಬೀಳುವ ಜಾಗದ ಪಕ್ಕದಲ್ಲಿತ್ತು. ಒಳಗೆ ಅಲ್ಲೇ ರಾಶಿ ಬೀಳುತ್ತೆ. ಎಲ್ಲ ಲೈಟೂ ಸದಾ ಉರಿದವು. ಕಿತ್ತು, ಪೈಪಿನಿಂದ ದೂರದ ಗೋಡೆಗೆ ಹಾಕಿದ ಮೇಲೆ ಸರಿಹೋಯಿತು. ಟ್ಯಾಂಕ್ ಕೂತಿರುವ ಕಬ್ಬಿಣದ ಫ್ರೇಮ್‌ನಿಂದಲೂ ಎರಡು ಬೆರಳಷ್ಟಾದರೂ ದೂರ ಇರಲಿ, ಲೋಹ ಹತ್ತಿರ ಇದ್ದರೆ ಸೆನ್ಸರ್ ಅದನ್ನೇ ನೀರು ಅಂದುಕೊಳ್ಳುತ್ತೆ.

ಕೆಲಸದ ದಿನ ಟ್ಯಾಂಕ್ ಖಾಲಿ ಮಾಡಿ ಚೆನ್ನಾಗಿ ತೊಳೆಯಿರಿ. ಬ್ಯಾಟರಿಯ ಮೈನಸ್ ಬಿಚ್ಚಿ, ಸೋಲಾರ್ ಇದ್ದರೆ ಅದನ್ನೂ ಆಫ್ ಮಾಡಿ. ಕೈಗೆ ಗ್ಲೌಸ್ ಹಾಕಿ. ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ ಬಾಗಿಲು ಕಿಟಕಿ ತೆರೆದಿಡಿ. ಆ ಟ್ಯಾಂಕಿನಲ್ಲಿ ಮೀಥೇನ್, ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತವೆ. ಮೊದಲನೆಯದು ಹೊತ್ತಿಕೊಳ್ಳುತ್ತೆ, ಎರಡನೆಯದು ವಿಷ. ಸೋಲ್ಡರ್ ಮಾಡೋದಿದ್ದರೆ ಟೇಬಲ್ ಮೇಲೆ ಮೊದಲೇ ಮುಗಿಸಿಕೊಳ್ಳಿ, ಟ್ಯಾಂಕಿನ ಹತ್ತಿರ ಬಿಸಿ ಐರನ್ ತರಲೇಬೇಡಿ.

ಗೋಡೆಯನ್ನು ಮೊದಲು ಸೋಪು ನೀರಲ್ಲಿ, ಒಣಗಿದ ಮೇಲೆ ಐಸೊಪ್ರೊಪೈಲ್ ಸ್ಪಿರಿಟ್‌ನಲ್ಲಿ ಒರೆಸಿ. ಬಿಳಿ ಬಟ್ಟೆ ತಗೊಳ್ಳಿ. ಬಟ್ಟೆ ಬಿಳಿಯಾಗಿಯೇ ಉಳಿಯುವ ತನಕ ಒರೆಸುತ್ತಾ ಇರಿ, ಆಮೇಲೆಯೇ ಸೆನ್ಸರ್ ಅಂಟಿಸಿ. ಗಾಡಿಯ ಹೊಟ್ಟೆಗೆ ಹೆದ್ದಾರಿಯ ಧೂಳು, ಡೀಸೆಲ್ ಜಿಡ್ಡು ಎಷ್ಟು ಹಿಡಿದಿರುತ್ತೆ ಅಂತ ಆಗ ಗೊತ್ತಾಗುತ್ತೆ. ಇಲ್ಲಿ ಸೋಮಾರಿತನ ಮಾಡಿದರೆ ನಿಪ್ಪಾಣಿ ಹತ್ತಿರದ ತವಂದಿ ಘಾಟಿ ಇಳಿಯುವಷ್ಟರಲ್ಲಿ ಸೆನ್ಸರ್ ಜೋತಾಡುತ್ತಿರುತ್ತೆ.

ವಯರಿಂಗ್ ಸುಲಭ. ಕಂದು ವಯರ್ ಪ್ಲಸ್, ನೀಲಿ ಮೈನಸ್, ಹಳದಿ ಸಿಗ್ನಲ್. ಆದರೂ ಜೊತೆಗೆ ಬಂದ ಚೀಟಿ ಒಮ್ಮೆ ನೋಡಿ. ಹಳದಿ ವಯರ್‌ಗೆ 1 ಕಿಲೋ ಓಮ್ ರೆಸಿಸ್ಟರ್, ಅದರ ಮುಂದೆ ಎಲ್‌ಇಡಿ, ಎಲ್‌ಇಡಿಯ ಇನ್ನೊಂದು ಕಾಲು ಮೈನಸ್‌ಗೆ. ಪ್ರೋಗ್ರಾಂ ಬರೆಯೋದು ಬೇಡವೇ ಬೇಡ. ಹಳೆಯ ಪ್ರೋಬ್‌ಗಳ ವಯರ್ ಮಲ್ಟಿಮೀಟರ್‌ನಲ್ಲಿ ಸರಿ ಕಂಡರೆ ಅವನ್ನೇ ಬಳಸಿ, ಕರೆಂಟ್ ತೀರಾ ಕಡಿಮೆ. ಹಳೆಯ ಪ್ರೋಬ್‌ಗಳನ್ನು ಮಾತ್ರ ಕೀಳಬೇಡಿ, ತೂತು ಮುಚ್ಚಿಕೊಂಡು ಅಲ್ಲೇ ಇರಲಿ. ಪ್ಲಸ್ ಲೈನಿಗೆ ಬ್ಯಾಟರಿ ಹತ್ತಿರವೇ 1 ಆಂಪಿಯರ್ ಫ್ಯೂಸ್, ಆಮೇಲೆ ಒಂದು ಒತ್ತುವ ಸ್ವಿಚ್ ಹಾಕಿ. ಸ್ವಿಚ್ ಎರಡು ಸೆಕೆಂಡ್ ಒತ್ತಿ ಹಿಡಿದಾಗ ಮಾತ್ರ ಲೈಟ್ ಬರಲಿ, ಬ್ಯಾಟರಿ ಸುಮ್ನೆ ಯಾಕೆ ತಿನ್ನಬೇಕು?

ಕೊನೆಗೆ ಅಳತೆ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ 10 ಲೀಟರ್ ಬಕೆಟ್‌ನಿಂದ ಟ್ಯಾಂಕಿಗೆ ನೀರು ಹಾಕುತ್ತಾ ಹೋಗಿ. ಯಾವ ಬಕೆಟ್‌ಗೆ ಯಾವ ಲೈಟ್ ಬಂತು ಅಂತ ಬರೆದುಕೊಳ್ಳಿ. ಟ್ಯಾಂಕ್ ಎಲ್ಲ ಕಡೆ ಒಂದೇ ಅಗಲ ಇರೋದಿಲ್ಲ, ಅರ್ಧ ಎತ್ತರ ಅಂದರೆ ಅರ್ಧ ನೀರು ಅಂತಲ್ಲ. ನೀರು ಇಳಿಸಿದ ಮೇಲೂ ಯಾವುದಾದರೂ ಲೈಟ್ ಉಳಿದರೆ ಸೆನ್ಸರ್ ಮೇಲಿನ ಸಣ್ಣ ಸ್ಕ್ರೂ ತಿರುಗಿಸಿ ಸೂಕ್ಷ್ಮತೆ ಇಳಿಸಿ. ಒಳಗಿನ ತೆಳು ಪದರವನ್ನು ಅದು ಲೆಕ್ಕಕ್ಕೆ ತಗೊಳ್ಳದೆ, ತುಂಬಿದ ನೀರನ್ನು ಮಾತ್ರ ಗುರುತಿಸುವ ಹಾಗೆ ಆಗಬೇಕು.

ಪ್ರಶ್ನೆ: ನಮ್ಮ ಗಾಡಿಯ ಕುಡಿಯುವ ನೀರಿನ ಟ್ಯಾಂಕ್ ಸ್ಟೀಲಿನದು. ಇದೇ ಸೆನ್ಸರ್ ಆಗುತ್ತಾ? (ಓದುಗರು, ಮಡಗಾಂವ್)

ಉತ್ತರ: ಆಗೋದಿಲ್ಲ. ಲೋಹದಾಚೆಗೆ ಅದಕ್ಕೆ ಏನೂ ತಿಳಿಯೋದಿಲ್ಲ. ನಿಮ್ಮದು ಶುದ್ಧ ನೀರು, ಹಾಗಾಗಿ ಮೇಲಿನಿಂದ ಇಳಿಬಿಡುವ ಸ್ಟೀಲ್ ಕೋಲಿನ ಫ್ಲೋಟ್ ಸೆನ್ಸರ್ ಹಾಕಿ, ಒಳಗೆ ರೀಡ್ ಸ್ವಿಚ್ (ಆಯಸ್ಕಾಂತ ಹತ್ತಿರ ಬಂದರೆ ಕೆಲಸ ಮಾಡುವ ಸ್ವಿಚ್) ಇರುವಂಥದ್ದು. ಶಬ್ದದ ಅಲೆ ಕಳಿಸಿ ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ತಗೊಳ್ಳಬೇಡಿ. ಅಗ್ಗಕ್ಕೆ ಸಿಗುವ ವಾಟರ್‌ಪ್ರೂಫ್ ಮಾಡೆಲ್ ಸುಮಾರು 20 ಸೆಂಟಿಮೀಟರ್‌ಗಿಂತ ಹತ್ತಿರದ್ದನ್ನು ಅಳೆಯೋದಿಲ್ಲ, 40 ಸೆಂಟಿಮೀಟರ್ ಎತ್ತರದ ಟ್ಯಾಂಕಿನಲ್ಲಿ ಮೇಲಿನ ಅರ್ಧ ಅದಕ್ಕೆ ಕಾಣೋದೇ ಇಲ್ಲ.

ಪ್ರಶ್ನೆ: ಟ್ಯಾಂಕಿಗೆ ಐಸ್ ತುಂಬಿ ಗಾಡಿ ಓಡಿಸಿದರೆ ಸೆನ್ಸರ್ ಉಜ್ಜಿ ಕ್ಲೀನ್ ಆಗುತ್ತಂತೆ, ನಿಜಾನಾ? (ಓದುಗರು, ಚಿಂಚವಾಡ)

ಉತ್ತರ: ಐಸ್ ತೇಲುತ್ತೆ ಅಲ್ವಾ, ಗಟ್ಟಿಯಾಗಿ ಉಜ್ಜೋದು ಎಲ್ಲಿಂದ ಬಂತು? ಅದರ ಬದಲು ರಾತ್ರಿ ಟ್ಯಾಂಕ್ ತುಂಬ ನೀರು, ಸ್ವಲ್ಪ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ನೆನೆಯೋಕೆ ಬಿಡಿ, ಬೆಳಿಗ್ಗೆ ಒಂದೇ ಸಲ ವಾಲ್ವ್ ಪೂರ್ತಿ ತೆರೆದು ಬಿಡಿ. ಬಿಡೋದು ಶೌಚಗುಂಡಿಗೆ ಅಥವಾ ಒಳಚರಂಡಿಗೆ ಮಾತ್ರ, ರಸ್ತೆ ಬದಿಯ ಮೋರಿಗೆ ಖಂಡಿತ ಬೇಡ.