ಸಹಿ ಆಮೇಲೆ, ಮೊದಲು ಕಾಗದ

ಕಂಪ್ಲಿ ಹೊಳೆ ದಂಡೆಯ ಪಾರ್ಕ್ ಜಾಗದಲ್ಲಿ ಮಳಿಗೆ ಕಟ್ಟುತ್ತಾರೆ ಅನ್ನೋ ಸುದ್ದಿ ಇದೆ, ಸಹಿ ಸಂಗ್ರಹಿಸಿದರೆ ಸಾಕಾ ಎಂದು ಕೇಳಿದ್ದೀರಿ. ಸಾಕಾಗಲ್ಲ.

ಮೊದಲು ಆ ಜಾಗ ದಾಖಲೆಯಲ್ಲಿ ಏನಾಗಿದೆ ನೋಡಿ. ಪುರಸಭೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ಬಡಾವಣೆ ನಕ್ಷೆ, ಮಾಸ್ಟರ್ ಪ್ಲಾನ್, ಪಹಣಿ ಮೂರನ್ನೂ ಕೇಳಿ. ನಕ್ಷೆಯಲ್ಲಿ ಉದ್ಯಾನ ಅಂತ ಇದ್ದರೆ ನಿಮ್ಮ ಕೈ ಗಟ್ಟಿ. ಪಾರ್ಕ್ ಉಳಿಸೋಕೆ ಅಂತಲೇ ರಾಜ್ಯದಲ್ಲಿ 1985ರ ಕಾಯ್ದೆ ಇದೆ. ಬೆಂಗಳೂರಿನಲ್ಲಿ ಪಾರ್ಕಿನ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟಾಗ ಅಲ್ಲಿನ ನಿವಾಸಿಗಳೇ ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಆ ತೀರ್ಪಿನ ಪ್ರತಿಯನ್ನು ನಿಮ್ಮ ಮನವಿಗೆ ಲಗತ್ತಿಸಿ.

ಇನ್ನೊಂದು ಮಾತು. ತುಂಗಭದ್ರಾ ಡ್ಯಾಂನಿಂದ ಹೊಳೆಗೆ ನೀರು ಬಿಟ್ಟಾಗ ಗಂಗಾವತಿ ಕಡೆಯ ಸೇತುವೆ ಮುಳುಗುತ್ತೆ ಅಲ್ವಾ? ಆಗ ಈ ಜಾಗಕ್ಕೂ ನೀರು ಬಂದರೆ ತಪ್ಪದೆ ಫೋಟೋ ತೆಗೆದಿಡಿ, ತಾರೀಖು ಸಮೇತ. ಮರದ ಬುಡಕ್ಕೆ ಮೆತ್ತಿಕೊಂಡ ಕೆಂಪು ರಾಡಿಯೂ ಕಾಣಲಿ. ನೀರು ನುಗ್ಗುವ ಕಡೆ ಮಳಿಗೆ ಯಾಕೆ ಅಂತ ಜಿಲ್ಲಾಧಿಕಾರಿಗೆ ಕೇಳೋಕೆ ಅದಕ್ಕಿಂತ ಜಾಸ್ತಿ ಏನೂ ಬೇಡ.

ಸಂಜೆ ಅಲ್ಲಿ ಕೂರುವ ಹಿರಿಯರನ್ನು, ಬಟ್ಟೆ ಒಗೆಯಲು ಬರುವ ಹೆಂಗಸರನ್ನು ಬಿಡಬೇಡಿ. ಮೊದಲ ಸಹಿ ಅವರದ್ದೇ ಇರಲಿ.