18 ಇಂಚಿನ ಚೈನ್ ಸಾಗೆ ಯಾವ ಚೈನ್ ತರಬೇಕು?

ಹುಣಸೆ, ಜಾಲಿ, ಒಣಗಿದ ತೆಂಗು ಕೊಯ್ಯೋಕೆ 18 ಇಂಚಿನ ಮಷಿನ್‌ಗೆ ಹೊಸ ಚೈನ್ ಯಾವುದು ತರಲಿ ಅಂತ ಕೇಳಿದ್ದೀರಿ. ಮೊದಲು, ಅಂಗಡಿಯಲ್ಲಿ ನಿಂತು "18 ಇಂಚಿಂದು ಕೊಡಿ" ಅನ್ನಬೇಡಿ. ಹೊಳಲ್ಕೆರೆ ಕಡೆಯ ತೋಟದವನು ನಾನು. ದಾವಣಗೆರೆಗೆ ಹೋದಾಗ ಹಾಗೇ ಕೇಳಿ ತಂದೆ. ಹಾಕಿದರೆ ಬಾರಿನ (ಚೈನ್ ಸುತ್ತೋ ಉದ್ದನೆಯ ಪಟ್ಟಿ) ಕೆಳಗೆ ಜೋತುಬಿತ್ತು, ಟೆನ್ಷನ್ ಸ್ಕ್ರೂ ಕೊನೇವರೆಗೂ ತಿರುಗಿಸಿದೆ, ಬಿಗಿಯಾಗಲಿಲ್ಲ. ಕೂತು ಎಣಿಸಿದೆ: ಹಳೇದರಲ್ಲಿ ಡ್ರೈವ್ ಲಿಂಕ್ 72, ಹೊಸದರಲ್ಲಿ 74. ಬಿಚ್ಚಿ ಹಾಕಿದ ಚೈನ್ ವಾಪಸ್ ತಗೊಳ್ಳಲ್ಲ ಅಂದ್ರು.

ಡ್ರೈವ್ ಲಿಂಕ್ ಅಂದರೆ ಬಾರಿನ ಗ್ರೂವ್ ಒಳಗೆ ಇಳಿಯೋ ಕೆಳಗಿನ ಹಲ್ಲು. ಅದರ ಎಣಿಕೆ, ಪಿಚ್, ಗೇಜ್, ಮೂರೂ ಸೇರಬೇಕು. ಬಾರಿನ ಬುಡದಲ್ಲಿ ಸಾಮಾನ್ಯವಾಗಿ ಅಚ್ಚೊತ್ತಿರುತ್ತೆ. ಎಣ್ಣೆ ಮಡ್ಡಿ ಒರೆಸಿ ನೋಡಿ. ಅಳಿಸಿಹೋಗಿದ್ದರೆ ಸಾಲಾಗಿ ಮೂರು ರಿವೆಟ್ ನಡುವಿನ ಅಂತರ ಅಳೆದು ಅರ್ಧ ಮಾಡಿ, ಅದೇ ಪಿಚ್. ಮೂರು ರಿವೆಟ್‌ಗೆ ಹದಿನಾರೂವರೆ ಮಿಲಿಮೀಟರ್ ಬಂದರೆ ಪಿಚ್ .325 ಇಂಚು, ಹತ್ತೊಂಬತ್ತರ ಹತ್ತಿರ ಬಂದರೆ 3/8 ಇಂಚು. ಒಳಗೆ ಚೈನ್ ತಿರುಗಿಸೋ ಹಲ್ಲುಚಕ್ರ, ಅಂದರೆ ಸ್ಪ್ರಾಕೆಟ್ ಕೂಡ ಅದೇ ಪಿಚ್ಚಿನದಿರಬೇಕು. ಗೇಜ್ ಅಂದರೆ ಆ ಹಲ್ಲಿನ ದಪ್ಪ. 1.5 ಮಿಲಿಮೀಟರ್ ಗ್ರೂವ್‌ಗೆ 1.3ರ ಚೈನ್ ಹಾಕಿದರೆ ಓಲಾಡುತ್ತೆ, 1.6ರದ್ದು ಇಳಿಯೋದೇ ಇಲ್ಲ.

ಇನ್ನು ಕತ್ತರಿಸೋ ಹಲ್ಲು. ಮೂಲೆ ಚೂಪಾಗಿ ಚೌಕವಾಗಿರೋದು ಫುಲ್ ಚಿಸೆಲ್, ಮೂಲೆ ದುಂಡಗಿರೋದು ಸೆಮಿ ಚಿಸೆಲ್. ಅಂಗಡಿಯವರು ಫುಲ್ ಚಿಸೆಲ್ ಸ್ಪೀಡು ಅಂತಾರೆ, ಸುಳ್ಳಲ್ಲ. ಆದರೆ ನಮ್ಮ ಕಡೆ ತೊಗಟೆಯ ಸಂದಿನಲ್ಲೆಲ್ಲ ಮಣ್ಣು, ಹುಣಸೆಯಂತೂ ಹಿಂದೆ ಗಾಣ ಮಾಡೋಕೆ ಬಳಸ್ತಿದ್ದಂಥ ಗಟ್ಟಿ ಮರ. ಚೂಪು ಮೂಲೆ ಬೇಗ ಮೊಂಡಾಗುತ್ತೆ. ನಾನಾದರೆ ಕಣ್ಣುಮುಚ್ಚಿ ಸೆಮಿ ಚಿಸೆಲ್ ತರ್ತೀನಿ. ಬೇಲಿ ಸಾಲಿನ ಬೇವಿಗೆ ಮಾತ್ರ ಯಾವ ಚೈನೂ ಸಾಲದು. ಅಪ್ಪನ ಕಾಲದ ಮುಳ್ಳುತಂತಿಯನ್ನ ಮರ ನುಂಗಿಕೊಂಡಿತ್ತು. ಕಿಡಿ ಹಾರಿದ ಮೇಲೇ ನನಗೆ ಗೊತ್ತಾಗಿದ್ದು.

ಚೈನ್ ಜೊತೆಗೆ ಹಲ್ಲು ಮಸೆಯೋಕೆ ಗುಂಡನೆಯ ಅರವನ್ನೂ ತನ್ನಿ: .325ಗೆ 4.8 ಮಿಲಿಮೀಟರ್. ಮರದಿಂದ ಚಕ್ಕೆ ಬೀಳೋದು ನಿಂತು ಹಿಟ್ಟಿನಂಥ ಪುಡಿ ಬರೋಕೆ ಶುರುವಾದರೆ ಮಷಿನ್ ಆಫ್ ಮಾಡಿ, ಕೈಗೆ ಗ್ಲೌಸ್ ಹಾಕಿ, ಅರ ಹಿಡೀರಿ.