ಸಾಲ ತೆಗೆದು ದಶಮಾಂಶ ಕೊಡಬೇಡಿ

ಇಪ್ಪತ್ತೆರಡು ವರ್ಷ ನಮ್ಮ ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ಖಜಾಂಚಿಯಾಗಿದ್ದೆ. ಹೊಟ್ಟೆಪಾಡಿಗೆ ಬ್ಯಾಂಕ್ ಕೆಲಸ. ಕಾಣಿಕೆಯ ಬಗ್ಗೆ ಬರುವ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ ಇರುತ್ತದೆ. ಬರೆಯುವವರ ಊರು ಬೇರೆ, ಹೆದರಿಕೆ ಮಾತ್ರ ಒಂದೇ. ಅದಕ್ಕೇ ಈ ಸಲ ಒಂದು ಪತ್ರಕ್ಕೆ ವಿವರವಾಗಿ ಉತ್ತರ ಕೊಡುತ್ತೇನೆ. ದಶಮಾಂಶ ಅಂದರೆ ಗಳಿಕೆಯ ಹತ್ತರಲ್ಲಿ ಒಂದು ಪಾಲನ್ನು ದೇವರಿಗೆ ಕೊಡುವುದು. ಅದು ನಿಮಗೆಲ್ಲ ಗೊತ್ತು.

ಪ್ರಶ್ನೆ: ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತೇನೆ. ಗಂಡ ತೀರಿಕೊಂಡು ಮೂರು ವರ್ಷ. ಇಬ್ಬರು ಮಕ್ಕಳು. ಸಂಬಳ 13,500. ಬಾಡಿಗೆ 3,500. ಸಂಘದ ಸಾಲಕ್ಕೆ ವಾರಕ್ಕೆ 1,100 ಕಂತು. ನಾನು ಮೊಬೈಲ್‌ನಲ್ಲಿ ಕೇಳುವ ಪ್ರಸಂಗಿಯೊಬ್ಬರು ದಶಮಾಂಶ ಕೊಡದವರ ಮನೆಗೆ ಶಾಪ ತಟ್ಟುತ್ತದೆ ಅನ್ನುತ್ತಾರೆ. ಮಗನಿಗೆ ಪದೇ ಪದೇ ಜ್ವರ. 5,000 ರೂಪಾಯಿ 'ವಿಶ್ವಾಸದ ಬೀಜ' ಹಾಕಿದರೆ ನೂರರಷ್ಟು ಬರುತ್ತದಂತೆ. ಇನ್ನೊಂದು ಸಂಘದಲ್ಲಿ ಸಾಲ ತೆಗೆದು ಹಾಕಲಾ ಅಯ್ಯಾ?

ಬೇಡ ಅಮ್ಮ. ಒಂದು ರೂಪಾಯಿಯೂ ಸಾಲ ತೆಗೆದು ಹಾಕಬೇಡಿ.

ಮೊದಲು ಮಗನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ರಕ್ತ ಪರೀಕ್ಷೆ ಮಾಡಿಸಿ. ನೀವು ಕಾಣಿಕೆ ಕೊಡಲಿಲ್ಲ ಅಂತ ದೇವರು ನಿಮ್ಮ ಮಗುವಿಗೆ ಜ್ವರ ಬರಿಸುವುದಿಲ್ಲ. ಹಾಗೆ ಹೇಳಿದವರು ದೇವರ ಹೆಸರಿನಲ್ಲಿ ಸುಳ್ಳು ಹೇಳಿದ್ದಾರೆ.

ಈಗ ಲೆಕ್ಕ. ಬಾಡಿಗೆ ಕೊಟ್ಟು, ನಾಲ್ಕು ವಾರದ ಕಂತು 4,400 ಕಟ್ಟಿದರೆ ನಿಮ್ಮ ಕೈಯಲ್ಲಿ ಉಳಿಯುವುದು 5,600. ಅದರಲ್ಲೇ ಮೂರು ಜನರ ಊಟ, ಕರೆಂಟು, ಬಸ್ಸು, ಮಕ್ಕಳ ಸ್ಕೂಲು. ಅದರಿಂದ 1,350 ತೆಗೆದುಕೊಟ್ಟರೆ ಹೆಸರಿಗಷ್ಟೇ ಹತ್ತರಲ್ಲಿ ಒಂದು, ನಿಜವಾಗಿ ಮಕ್ಕಳ ಊಟದ ದುಡ್ಡಿನಲ್ಲಿ ಸುಮಾರು ಕಾಲು ಭಾಗ. ತಿಂಗಳಿಗೆ ಎರಡು ಲಕ್ಷ ಬರುವವರು 20,000 ಕೊಟ್ಟ ಮೇಲೂ ಅವರ ಹತ್ತಿರ 1,80,000 ಇರುತ್ತದೆ. ಇಬ್ಬರಿಗೂ ಒಂದೇ ಹೊರೆ ಅಂತ ಹೇಳುವವರು ನಿಮ್ಮ ಅಡುಗೆಮನೆ ನೋಡಿದವರಲ್ಲ.

ದಶಮಾಂಶ ಕೊಡದವರಿಗೆ ಶಾಪ ಅನ್ನಲು ಆ ಪ್ರಸಂಗಿಯಂಥವರು ಓದುವ ವಚನ ಬೈಬಲಿನ ಮಲಾಕಿ 3ನೇ ಅಧ್ಯಾಯದ 8ರಿಂದ 10. ಸ್ವಲ್ಪ ಮೇಲಿರುವ 5ನೇ ವಚನವನ್ನು ಯಾಕೆ ಓದುವುದಿಲ್ಲ? ಕೂಲಿಯವರ ಸಂಬಳದಲ್ಲಿ ಮೋಸ ಮಾಡುವವರ, ವಿಧವೆಯನ್ನೂ ತಂದೆಯಿಲ್ಲದ ಮಕ್ಕಳನ್ನೂ ಹಿಂಸಿಸುವವರ ವಿರುದ್ಧ ದೇವರೇ ಸಾಕ್ಷಿಯಾಗಿ ನಿಲ್ಲುತ್ತಾನೆ ಅಂತ ಅಲ್ಲಿದೆ. ಅಧ್ಯಾಯ ಒಂದೇ, ಪುಟವೂ ಒಂದೇ.

ಇನ್ನೂ ಹಿಂದೆ ಹೋಗಿ. ಧರ್ಮೋಪದೇಶಕಾಂಡ 14ನೇ ಅಧ್ಯಾಯ ತೆಗೆಯಿರಿ. ಇಸ್ರಾಯೇಲಿನ ದಶಮಾಂಶ ಧಾನ್ಯ, ದ್ರಾಕ್ಷಾರಸ, ಎಣ್ಣೆ. ಅಂದರೆ ಹೊಲದಲ್ಲಿ ಬೆಳೆದದ್ದು. ಮೂರು ವರ್ಷಕ್ಕೊಮ್ಮೆ ಅದನ್ನು ಊರಲ್ಲೇ ಕೂಡಿಡಬೇಕು. ಯಾರಿಗೆ? ದೇವಾಲಯದ ಸೇವೆಯ, ಜಮೀನಿಲ್ಲದ ಲೇವಿಯರಿಗೆ, ಪರದೇಶಿಗೆ, ತಂದೆಯಿಲ್ಲದ ಮಕ್ಕಳಿಗೆ, ವಿಧವೆಗೆ. ಅವರು ಬಂದು ಹೊಟ್ಟೆತುಂಬ ಉಣ್ಣಬೇಕು. ಅಮ್ಮ, ಆ ನಿಯಮವನ್ನು ಅಕ್ಷರಕ್ಕೆ ಅಕ್ಷರ ಹಿಡಿದರೆ ನೀವು ಪಡೆಯುವವರ ಸಾಲಿನಲ್ಲಿದ್ದೀರಿ. ಅದರ ಹೆಸರು ಹೇಳಿ ನಿಮ್ಮ ಹತ್ತಿರವೇ ಕೇಳುತ್ತಿದ್ದಾರೆ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ.

ನೂರರಷ್ಟು ಬರುತ್ತದೆ ಅನ್ನುವ ಮಾತು ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದ್ದು. ಯೇಸು ಅದನ್ನು ಹೇಳಿದ್ದು ಸುವಾರ್ತೆಗಾಗಿ ಮನೆಮಠ ಬಿಟ್ಟು ಹೊರಟವರಿಗೆ. ಅದೇ ವಾಕ್ಯದಲ್ಲಿ 'ಹಿಂಸೆಗಳ ಸಹಿತ' ಅನ್ನುವ ಮಾತೂ ಇದೆ. 5,000 ಹಾಕಿದರೆ ಐದು ಲಕ್ಷ ಬರುತ್ತದೆ ಅಂತ ಅಲ್ಲಿ ಎಲ್ಲೂ ಇಲ್ಲ. ಬಂದೇ ಬರುವುದು ನಿಮ್ಮ ಮುಂದಿನ ವಾರದ ಕಂತು. ಇಂಥ ಸಾಲಕ್ಕೆ ವರ್ಷಕ್ಕೆ ಸಾಮಾನ್ಯವಾಗಿ ನೂರಕ್ಕೆ 20ರ ಮೇಲೆಯೇ ಬಡ್ಡಿ.

ತನ್ನಲ್ಲಿದ್ದ ಎರಡೇ ಕಾಸನ್ನು ಕಾಣಿಕೆ ಪೆಟ್ಟಿಗೆಗೆ ಹಾಕಿದ ಬಡ ವಿಧವೆಯ ಕಥೆಯನ್ನೂ ನಿಮಗೆ ಹೇಳಿರುತ್ತಾರೆ. ಮಾರ್ಕ 12ರಲ್ಲಿ ಆ ಕಥೆಗೆ ಸ್ವಲ್ಪ ಮೊದಲು, 40ನೇ ವಚನದಲ್ಲಿ, ವಿಧವೆಯರ ಮನೆಗಳನ್ನು ನುಂಗುವವರಿಗೆ ಹೆಚ್ಚಿನ ದಂಡನೆ ಆಗುತ್ತದೆ ಎಂದು ಯೇಸು ಎಚ್ಚರಿಸಿದ. ಆಮೇಲೆ ಕಾಣಿಕೆ ಪೆಟ್ಟಿಗೆಯ ಎದುರು ಕೂತು ನೋಡಿದ. ಆಕೆಯ ಮನಸ್ಸನ್ನು ಮೆಚ್ಚಿದ. ಹಾಕು ಅಂತ ಆಕೆಯನ್ನು ಕೇಳಲಿಲ್ಲ.

ನಾನು ಇಷ್ಟು ಗಡುಸಾಗಿ ಮಾತಾಡಲು ಕಾರಣವಿದೆ. ನಮ್ಮ ಚಿಕ್ಕಮ್ಮ ಹೀಗೇ ಒಬ್ಬರ ಮಾತು ಕೇಳಿ ಎರಡು ಬಳೆ ಅಡವಿಟ್ಟು ದುಡ್ಡು ಕಳಿಸಿದರು. ಚಿಕ್ಕಪ್ಪನ ಕಿಡ್ನಿ ವಾಸಿಯಾಗಲಿ ಅಂತ. ಚಿಕ್ಕಪ್ಪ ಉಳಿಯಲಿಲ್ಲ, ಬಳೆ ಹರಾಜಾಯಿತು. 'ನನ್ನ ವಿಶ್ವಾಸ ಸಾಲಲಿಲ್ಲವೇನೋ' ಅಂತ ಚಿಕ್ಕಮ್ಮ ಸಾಯುವವರೆಗೂ ಕೊರಗಿದರು. ಬಳೆ ಹೋದದ್ದಕ್ಕಿಂತ ಆ ಕೊರಗು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಬ್ಯಾಂಕಿನಲ್ಲಿ ಕೂತು ಎಷ್ಟೋ ಜನಕ್ಕೆ ಸಾಲದ ವಿಷಯ ತಿಳಿಹೇಳಿದ್ದೆ, ನಮ್ಮ ಮನೆಯವರಿಗೆ ಹೇಳುವಷ್ಟರಲ್ಲಿ ತಡವಾಗಿತ್ತು.

ಹಾಗಾದರೆ ನೀವು ಏನೂ ಕೊಡಬಾರದಾ? ಹಾಗೆ ನಾನು ಹೇಳುವುದಿಲ್ಲ. ಕೊಡಬೇಕು ಅನ್ನುವ ನಿಮ್ಮ ಆಸೆ ಒಳ್ಳೆಯದು. ಕೊರಿಂಥದ ಸಭೆಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ ಇದಕ್ಕೆ ಅಳತೆ ಹೇಳಿದ್ದಾನೆ. ಮನಸ್ಸಿದ್ದರೆ ಇರುವುದಕ್ಕೆ ತಕ್ಕಂತೆ ಕೊಟ್ಟದ್ದು ದೇವರಿಗೆ ಸಾಕು, ಇಲ್ಲದ್ದನ್ನು ಆತ ಕೇಳುವುದಿಲ್ಲ. ಬೇರೆಯವರಿಗೆ ಸುಖ, ನಿಮಗೆ ಕಷ್ಟ ಆಗಬೇಕು ಅಂತಲ್ಲ ಎಂದು ಅವನೇ ಬಿಡಿಸಿ ಬರೆದಿದ್ದಾನೆ. ಭಾನುವಾರ ಹತ್ತು ರೂಪಾಯಿ ಹಾಕಿ. ಆ ವಾರ ಅದೂ ಇಲ್ಲದಿದ್ದರೆ ಕಾಣಿಕೆ ಚೀಲವನ್ನು ಪಕ್ಕದವರಿಗೆ ದಾಟಿಸಿ, ತಲೆ ತಗ್ಗಿಸಬೇಡಿ. ಮಿಜೋರಾಂನ ಹೆಂಗಸರು 1910ರಿಂದ ಒಂದು ರೂಢಿ ಇಟ್ಟುಕೊಂಡಿದ್ದಾರೆ. ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ಬೇರೆ ತೆಗೆದಿಡುತ್ತಾರೆ. ಅದನ್ನು ಕೂಡಿಸಿ ಸಭೆಗೆ ಕೊಡುತ್ತಾರೆ. ಅಕ್ಕಿ ಇದ್ದ ದಿನ ತಾನೇ ಹಿಡಿ ತೆಗೆಯುವುದು, ಆದ್ದರಿಂದ ಯಾರೂ ಸಾಲ ಮಾಡಬೇಕಿಲ್ಲ. ಹಿಡಿ ಹಿಡಿಯಾಗಿ ಕೂಡಿದ ಆ ಅಕ್ಕಿಯಿಂದ ಅಲ್ಲಿ ಎಷ್ಟೋ ಸೇವೆ ನಡೆದಿದೆ.

ಇನ್ನೊಂದು ಕೆಲಸ ಮಾಡಿ. ಆ ಪ್ರಸಂಗಿಯವರ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ದುಡ್ಡು ಹಾಕಬೇಡಿ. ಯಾರ ಹೆಸರು ಬರುತ್ತದೆ ನೋಡಿ. ಸಭೆಯ ಅಥವಾ ಟ್ರಸ್ಟಿನ ಹೆಸರಾ, ಅವರದೇ ಹೆಸರಾ, ಹೆಂಡತಿಯದಾ? ರಸೀದಿ ಕೊಡುತ್ತಾರಾ, ವರ್ಷದ ಲೆಕ್ಕ ಎಲ್ಲಿ ಓದುತ್ತಾರೆ ಅಂತ ಕೇಳಿ. ಲೆಕ್ಕ ಕೇಳಿದರೆ ವಿಶ್ವಾಸ ಇಲ್ಲ ಅಂದಂತೆ ಆಗುವುದಿಲ್ಲ. ಯೆರೂಸಲೇಮಿನ ಬಡವರಿಗೆ ಕೂಡಿಸಿದ ದುಡ್ಡನ್ನು ಪೌಲ ಒಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ಯಾರೂ ಬೆರಳು ತೋರಿಸಬಾರದು ಅಂತ ಸಭೆಗಳು ಆರಿಸಿದವರನ್ನು ಜೊತೆಗೆ ಇಟ್ಟುಕೊಂಡ. ಹಳೆ ಒಡಂಬಡಿಕೆಯಲ್ಲಿ ಯೆಹೂದದ ಅಧಿಪತಿಯಾಗಿದ್ದ ನೆಹೆಮೀಯನೂ ದಶಮಾಂಶದ ಧಾನ್ಯದ ಉಗ್ರಾಣಕ್ಕೆ ನಂಬಿಗಸ್ತರನ್ನೇ ಹುಡುಕಿ ನೇಮಿಸಿದ. ಹಾಗಿರುವಾಗ ಇವರು ಲೆಕ್ಕ ಯಾಕೆ ಕೊಡಬಾರದು?

ಕೊನೆಗೆ, ನಿಮ್ಮ ಊರಿನ ಸಭೆಯ ಅಯ್ಯನವರ ಹತ್ತಿರ ಹೋಗಿ ನಿಮ್ಮ ಕಷ್ಟ ಹೇಳಿಕೊಳ್ಳಿ. ಬಡವರ ಸಹಾಯ ನಿಧಿ ಇದ್ದರೆ ಕೇಳಿ. ನಾಚಿಕೆ ಬೇಡ. ಈ ಅಂಕಣ ಓದುವ ಕಮಿಟಿಯವರಿಗೂ ಒಂದು ಮಾತು. ಕರಾವಳಿಯಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಶನ್‌ನವರು ಸಭೆ ಕಟ್ಟುವಾಗ ಜನಕ್ಕೆ ದುಡಿಮೆಯನ್ನೂ ಕೊಟ್ಟರು. ನೇಯ್ಗೆ ನಡೆಸಿದರು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಕ್ರೈಸ್ತರಾದ ಕಾರಣಕ್ಕೆ ಮನೆಯಿಂದ ಹೊರಬಿದ್ದು ಗತಿಯಿಲ್ಲದೆ ನಿಂತವರು ಅಲ್ಲಿ ಕೂಲಿ ಪಡೆದರು. ನಿಮ್ಮ ಸಭೆಯಲ್ಲಿ ಈ ಅಮ್ಮನಂಥವರು ಎಷ್ಟು ಜನ ಇದ್ದಾರೆ, ಅವರ ಮನೆಗೆ ಯಾರು ಹೋಗಿ ಬಂದಿದ್ದಾರೆ? ಗೋಪುರಕ್ಕೆ ಬಣ್ಣ ಹೊಡೆಸುವ ಮೊದಲು ಈ ಪಟ್ಟಿ ಮಾಡಿ.

ಪ್ರಶ್ನೆ: ದಶಮಾಂಶ ಪೂರ್ತಿ ಸಂಬಳದ ಮೇಲೋ, ಪಿಎಫ್, ತೆರಿಗೆ ಕಳೆದ ಮೇಲೋ?

ಕೈಗೆ ಬಂದದ್ದರ ಮೇಲೆ ಲೆಕ್ಕ ಹಾಕಿ ಸಂತೋಷದಿಂದ ಕೊಡಿ. ಇದಕ್ಕೆ ಇಷ್ಟೊಂದು ಪತ್ರ ಬೇಡ.

ಪ್ರಶ್ನೆ: ಭಾನುವಾರದ ಕಾಣಿಕೆಗೆ ದಾನದ ಮೇಲಿನ ಆದಾಯ ತೆರಿಗೆ ವಿನಾಯಿತಿ ಸಿಗುತ್ತದಾ?

ಸಾಮಾನ್ಯವಾಗಿ ಇಲ್ಲ. ಆಸ್ಪತ್ರೆ, ಹಾಸ್ಟೆಲ್ ನಡೆಸುವ ಟ್ರಸ್ಟಿಗೆ ಅನುಮತಿ ಇದ್ದರೆ ಸಿಗುತ್ತದೆ. ವಿನಾಯಿತಿ ಬೇಕಿದ್ದರೆ 2,000 ದಾಟಿದ್ದನ್ನು ನಗದಾಗಿ ಕೊಡಬೇಡಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ವಿನಾಯಿತಿಯೇ ಇಲ್ಲ.

ಪ್ರಶ್ನೆ: ಅಮೆರಿಕದ ಪೌರತ್ವ ಪಡೆದ ನಮ್ಮ ಅಕ್ಕ ಸಭೆಯ ಖಾತೆಗೆ ನೇರ ದುಡ್ಡು ಹಾಕಬಹುದಾ?

ಸಭೆಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾನೂನಿನ ಕೆಳಗೆ, ನೋಂದಣಿ ಅಥವಾ ಅನುಮತಿ ಇಲ್ಲದಿದ್ದರೆ ಬೇಡ. ಅಲ್ಲಿ ದುಡಿಯುತ್ತಿದ್ದರೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸುವುದು ಬೇರೆ ಮಾತು. ಸಭೆಯ ಆಡಿಟರನ್ನು ಕೇಳದೆ ಒಂದು ರೂಪಾಯಿಯನ್ನೂ ತರಿಸಬೇಡಿ. ಗೊತ್ತಿರಲಿಲ್ಲ ಅಂದರೆ ಕಾನೂನು ಬಿಡುವುದಿಲ್ಲ.

ಪ್ರಶ್ನೆ: ದೇವರಿಗೆ ಕೊಡುತ್ತಿದ್ದೇನೆ, ಊರಿನಲ್ಲಿರುವ ಅಪ್ಪ ಅಮ್ಮನಿಗೆ ಕಳಿಸಲು ಉಳಿಯುವುದಿಲ್ಲ. ತಪ್ಪಾ?

ತಪ್ಪು. ಮಾರ್ಕ 7ರಲ್ಲಿ 'ಕೊರ್ಬಾನ್', ಅಂದರೆ ಇದು ದೇವರಿಗೆ ಮೀಸಲು, ಅಂತ ಹೇಳಿ ಹೆತ್ತವರನ್ನು ಕೈಬಿಟ್ಟವರಿಗೆ ಯೇಸು ಏನು ಹೇಳಿದ ಅಂತ ಇವತ್ತೇ ಓದಿ, ನಾಳೆ ಮನಿಯಾರ್ಡರ್ ಮಾಡಿ.

ಪ್ರಶ್ನೆ: ಚರ್ಚಿನ ಬೆಳೆ ಹಬ್ಬದ ಕಾಣಿಕೆ ಹರಾಜಿನಲ್ಲಿ ಕುಂಬಳಕಾಯಿಗೆ 3,000 ಕೂಗಿಬಿಟ್ಟೆ. ಈಗ ಕೈಯಲ್ಲಿ ದುಡ್ಡಿಲ್ಲ.

ಖಜಾಂಚಿಯವರಿಗೆ ಇದ್ದದ್ದು ಇದ್ದ ಹಾಗೆ ಹೇಳಿ, ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಕಟ್ಟಿ. ಮುಂದಿನ ವರ್ಷ ಪಕ್ಕದವರನ್ನು ನೋಡಿ ಕೂಗಬೇಡಿ.

ಪ್ರಶ್ನೆ: ಮಳೆ ಬಂದ ದಿನ ಕಾಣಿಕೆ ಚೀಲವನ್ನು ಮನೆಗೆ ತಂದು ಎಣಿಸಬಹುದಾ? ನಾನು ಈ ವರ್ಷವಷ್ಟೇ ಖಜಾಂಚಿಯಾದವನು.

ಬೇಡ ತಮ್ಮಾ. ಮಳೆ ನಿಲ್ಲುವವರೆಗೆ ಚರ್ಚ್‌ನಲ್ಲೇ ಇರಿ. ಒಬ್ಬರೇ ಎಣಿಸಬೇಡಿ, ಇನ್ನೊಬ್ಬರನ್ನು ಕೂರಿಸಿಕೊಳ್ಳಿ. ನೋಟು, ಚಿಲ್ಲರೆ ಬೇರೆ ಬೇರೆ ಬರೆದು ಇಬ್ಬರೂ ಸಹಿ ಹಾಕಿ. ಸೋಮವಾರ ಪೂರ್ತಿ ಮೊತ್ತ ಬ್ಯಾಂಕಿಗೆ ಕಟ್ಟಿ. ಅದರಿಂದ ಹೂವಿಗೂ ಕಾಫಿಗೂ ಮೊದಲೇ ತೆಗೆಯಬೇಡಿ. ಖರ್ಚಿಗೆ ವೋಚರ್ ಬರೆದು ಆಮೇಲೆ ತೆಗೆಯಿರಿ.